ಬಂಗಲೆಗೆ ಇತಿಹಾಸವಿದೆ, ಲೈನ್ ಮನೆಗಿಲ್ಲವೆ?

ಶುಕ್ರವಾರ ಸಂಜೆ ಕುಂದಲಹಳ್ಳಿ, ಬ್ರೂಕ್‌ಫೀಲ್ಡ್, ವೈಟ್‌ಫೀಲ್ಡ್‌ಗಳ ಕಚೇರಿಗಳು ಬಿಟ್ಟ ಮೇಲೆ ಪಶ್ಚಿಮದತ್ತ ಹೊರಡುವ ವಾಹನಗಳಲ್ಲಿ ಒಂದು ಪಾಲು ಬೆಳಗಾಗುವಷ್ಟರಲ್ಲಿ ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಘಟ್ಟಗಳನ್ನು ಏರಿರುತ್ತದೆ. ಬರುವವರಲ್ಲಿ ಹಲವರಿಗೆ ಈಗ ಬರಿಯ ಕೊಠಡಿ ಸಾಲದು. ಅವರಿಗೆ ಬ್ರಿಟಿಷರ ಕಾಲದ ತೋಟದ ಬಂಗಲೆ ಬೇಕು. ಹೆಂಚಿನ ಮಾಡು, ಅಗಲವಾದ ಜಗಲಿ, ಗೋಡೆಯ ಅಗ್ಗಿಷ್ಟಿಕೆ, ಬೆತ್ತದ ಕುರ್ಚಿ, ಟ್ರೇಯಲ್ಲಿ ಬರುವ ಕಾಫಿ ಬೇಕು. ಜಾಹೀರಾತುಗಳು ಇದನ್ನು 'ಪಾರಂಪರಿಕ ವಾಸ್ತವ್ಯ' ಎಂದು ಕರೆಯುತ್ತವೆ.

ಬಂದವರ ಮೇಲೆ ನಮಗೆ ಸಿಟ್ಟಿಲ್ಲ. ಅತಿಥಿಯನ್ನು ಬಾಗಿಲಿನಿಂದ ಹಿಂದಕ್ಕೆ ಕಳುಹಿಸುವ ಪದ್ಧತಿ ಗುಡ್ಡಗಾಡಿನಲ್ಲಿ ಎಂದೂ ಇರಲಿಲ್ಲ. ನಮ್ಮ ತಕರಾರು ಮಾರಾಟವಾಗುತ್ತಿರುವ ವಸ್ತುವಿನ ಬಗ್ಗೆ. ಇಲ್ಲಿ ಮಾರುತ್ತಿರುವುದು ಮಂಚವನ್ನಲ್ಲ, ಇತಿಹಾಸವನ್ನು. ಅಕ್ಕಿ ಮಾರುವವನು ತೂಕದಲ್ಲಿ ಮೋಸ ಮಾಡಬಾರದೆಂಬ ಕಾನೂನಿದೆ. ಇತಿಹಾಸ ಮಾರುವವನು ಅದರಲ್ಲಿ ಅರ್ಧವನ್ನು ಬಚ್ಚಿಟ್ಟರೆ ಕೇಳುವವರು ಯಾರು? ಬಂಗಲೆಯ ಹಿಂದಿನ ಲೈನ್ ಮನೆ, ಬಂಗಲೆಯ ಮೇಲಿನ ಇಳಿಜಾರು, ಬಂಗಲೆಯ ಕೆಳಗಿನ ತೋಡು ಇವು ಮೂರನ್ನೂ ಅಳಿಸಿ ಉಳಿದದ್ದಕ್ಕೆ 'ಪರಂಪರೆ' ಎಂದು ಹೆಸರಿಡುವುದು ಕಳ್ಳ ತೂಕವೇ ಸರಿ.

ಕುಂದಲಹಳ್ಳಿಯ ವಿದ್ಯಾರ್ಥಿಗಳಿಗೆ ಇದು ದೂರದ ಮಾತೆನಿಸಬಾರದು. ಅವರ ನೆರೆಯ ವೈಟ್‌ಫೀಲ್ಡ್ ಹುಟ್ಟಿದ್ದು 1882ರಲ್ಲಿ. ಮೈಸೂರಿನ ಮಹಾರಾಜ ಹತ್ತನೆಯ ಚಾಮರಾಜ ಒಡೆಯರು ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘಕ್ಕೆ ಬೇಸಾಯದ ವಸಾಹತು ಮಾಡಿಕೊಳ್ಳಲು ಸುಮಾರು 3,900 ಎಕರೆ ಭೂಮಿಯನ್ನು ದಯಪಾಲಿಸಿದರು. ಸಂಘದ ನಾಯಕ ವೈಟ್ ಅವರ ಹೆಸರೇ ಊರಿಗೆ ನಿಂತಿತು. ಅಲ್ಲಿನ ಹಳೆಯ ವೇವರ್ಲಿ ಇನ್ ಎಂಬ ತಂಗುಮನೆಯ ಬಗ್ಗೆ ಇಂದಿಗೂ ಒಂದು ದಂತಕಥೆಯಿದೆ. 1896ರಲ್ಲಿ ಬೆಂಗಳೂರು ದಂಡಿಗೆ ಬಂದ ಯುವ ಅಧಿಕಾರಿ ವಿನ್ಸ್ಟನ್ ಚರ್ಚಿಲ್ ಆ ಮನೆಯ ಮಗಳನ್ನು ನೋಡಲು ಬರುತ್ತಿದ್ದನಂತೆ. ನಿಜವೋ ಸುಳ್ಳೋ, ಬರೆದವರೆಲ್ಲ ಈ ಕಥೆಯನ್ನೇ ಬರೆದರು. ಆ ಮನೆಗೆ ನೀರು ಸೇದಿದವರು, ಕುದುರೆ ತಿಕ್ಕಿದವರು ಯಾವ ಹಳ್ಳಿಯವರು? ವಸಾಹತಿನ ಸುತ್ತಲಿನ ಹಳ್ಳಿಗಳ ಬದುಕು ಏನಾಯಿತು? ಇವನ್ನು ಯಾರೂ ದಂತಕಥೆ ಮಾಡಲಿಲ್ಲ. ಯಾರು ಮಲಗಿದರು ಎಂಬುದು ಇತಿಹಾಸವಾಯಿತು, ಯಾರು ಹಾಸಿಗೆ ಹಾಸಿದರು ಎಂಬುದು ಆಗಲಿಲ್ಲ. ಇದೇ ರೋಗ ನಮ್ಮ ಗುಡ್ಡಗಳ ಬಂಗಲೆಗಳಿಗೂ ತಗುಲಿದೆ.

ಕೊಡಗನ್ನು ಈಸ್ಟ್ ಇಂಡಿಯಾ ಕಂಪನಿ ವಶಪಡಿಸಿಕೊಂಡದ್ದು 1834ರಲ್ಲಿ. ಮಡಿಕೇರಿಯ ಬಳಿ ಮೊದಲ ಯುರೋಪಿಯನ್ ಕಾಫಿ ತೋಟ ತೆರೆದದ್ದು 1854ರಲ್ಲಿ. ಕಾಡು ಕಡಿಯಲು, ಗುಂಡಿ ತೋಡಲು, ಹಣ್ಣು ಕೊಯ್ಯಲು ಸಾವಿರಾರು ಕೈಗಳು ಬೇಕಾದವು. ಬಯಲುಸೀಮೆಯಿಂದಲೂ ಘಟ್ಟದ ಕೆಳಗಿನಿಂದಲೂ ಮೇಸ್ತ್ರಿಗಳು ಮುಂಗಡ ಹಣ ಕೊಟ್ಟು ಆಳುಗಳನ್ನು ಕರೆತಂದರು. 1859ರಲ್ಲಿ ಕಾರ್ಮಿಕರ ಕರಾರು ಉಲ್ಲಂಘನೆಯ ಕಾಯ್ದೆ ಬಂತು. ಮುಂಗಡ ಪಡೆದ ಆಳು ಕೆಲಸಕ್ಕೆ ಬಾರದಿದ್ದರೆ ಮ್ಯಾಜಿಸ್ಟ್ರೇಟನ ಮುಂದೆ ನಿಲ್ಲಬೇಕು. ಆಗಲೂ ಕೆಲಸ ಮಾಡದೆ, ಹಣವನ್ನೂ ತೀರಿಸದೆ ಹೋದರೆ ಮೂರು ತಿಂಗಳವರೆಗೆ ಕಠಿಣ ಸಜೆ. ಕೂಲಿ ಕೊಡದ ಧಣಿಗೆ ಇಂಥ ಸಜೆ ಆ ಕಾಯ್ದೆಯಲ್ಲಿ ಇರಲಿಲ್ಲ. 1925ರಲ್ಲಿ ಅದು ರದ್ದಾಗುವವರೆಗೆ ದಕ್ಷಿಣದ ತೋಟಗಳ ಮಾಲೀಕರು ಅದನ್ನು ನೆಚ್ಚಿಕೊಂಡೇ ಇದ್ದರು. ಇಂದು ಅತಿಥಿ ಕಾಲು ಚಾಚಿ ಕೂರುವ ಜಗಲಿಯ ಬೆನ್ನಿಗೆ ಈ ಕಾಯ್ದೆ ನಿಂತಿತ್ತು. ಇದನ್ನು ಯಾವ ಬಂಗಲೆಯ ಗೋಡೆಯ ಚೌಕಟ್ಟಿನಲ್ಲಿ ತೂಗುಹಾಕಿದ್ದಾರೆ? ಅಲ್ಲಿ ಬೇಟೆಯಾಡಿದ ಹುಲಿಯ ಪಟವಿರುತ್ತದೆ, ದೊರೆಯ ಪಟವಿರುತ್ತದೆ.

ನೆರೆಯ ದ್ವೀಪವನ್ನು ನೋಡಿದರೆ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ಶ್ರೀಲಂಕಾದಲ್ಲಿ ದೊರೆಗಳ ಹಳೆಯ ಬಂಗಲೆಗಳು ಇಂದು ದುಬಾರಿ ತಂಗುದಾಣಗಳಾಗಿವೆ. 1869ರಲ್ಲಿ ಕಾಣಿಸಿಕೊಂಡ ಎಲೆ ತುಕ್ಕು ರೋಗ ಅಲ್ಲಿನ ಕಾಫಿಯನ್ನು ನಾಶಮಾಡಿದಾಗ ಅದೇ ಗುಡ್ಡಗಳಿಗೆ ಚಹಾ ಬಂತು. ಚಹಾ ಬೆಳೆಸಿದವರು ತಮಿಳುನಾಡಿನಿಂದ ಹೋದ ಕೂಲಿಗಳು. ದ್ವೀಪ ಸ್ವತಂತ್ರವಾದ 1948ರಲ್ಲಿಯೇ ಬಂದ ಪೌರತ್ವ ಕಾಯ್ದೆ ಅವರಲ್ಲಿ ಬಹುಪಾಲು ಜನರನ್ನು ಯಾವ ದೇಶಕ್ಕೂ ಸೇರದವರನ್ನಾಗಿ ಮಾಡಿತು. 1964ರ ಸಿರಿಮಾವೋ-ಶಾಸ್ತ್ರಿ ಒಪ್ಪಂದದಲ್ಲಿ 5,25,000 ಜನರನ್ನು ಭಾರತ, 3,00,000 ಜನರನ್ನು ದ್ವೀಪ ಎಂದು ಹಂಚಿಕೊಂಡರು. ಹಾಗೆ ಬಂದವರಲ್ಲಿ ಒಂದು ಗುಂಪು ನಮ್ಮ ಸುಳ್ಯ, ಪುತ್ತೂರು ಸೀಮೆಯ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಿಗೆ ಬಂದು ಸೇರಿತು. ದ್ವೀಪದ ಬಂಗಲೆಯಲ್ಲಿ ಪ್ರವಾಸಿ 'ಹಳೆಯ ಕಾಲ'ವನ್ನು ಸವಿಯುತ್ತಾನೆ. ಆ ಹಳೆಯ ಕಾಲವನ್ನು ಬೆವರು ಸುರಿಸಿ ಕಟ್ಟಿದವರ ಮೊಮ್ಮಕ್ಕಳು ಸುಳ್ಯದಲ್ಲಿ ರಬ್ಬರ್ ಹಾಲು ಇಳಿಸುತ್ತಾರೆ. ಇವರಲ್ಲಿ ಪರಂಪರೆಯ ವಾರಸುದಾರರು ಯಾರು?

ಇದೆಲ್ಲ ಮುಗಿದ ಕಥೆ, ಈಗೇಕೆ ಎಂದು ಕೇಳುವವರಿದ್ದಾರೆ. ಮುಗಿದಿದ್ದರೆ ನಾವೂ ಸುಮ್ಮನಿರುತ್ತಿದ್ದೆವು. 1951ರ ತೋಟ ಕಾರ್ಮಿಕರ ಕಾಯ್ದೆ ಮನೆ, ಕುಡಿಯುವ ನೀರು, ಚಿಕಿತ್ಸೆ, ಶಿಶುಪಾಲನೆಗಳನ್ನು ಕಾರ್ಮಿಕರ ಹಕ್ಕೆಂದು ಬರೆಯಿತು. ಅದಾಗಿ 65 ವರ್ಷಗಳ ಮೇಲೆ, 2016ರ ಡಿಸೆಂಬರ್ ತಿಂಗಳ ಚಳಿಯಲ್ಲಿ, ವಿರಾಜಪೇಟೆ ತಾಲ್ಲೂಕಿನ ದಿಡ್ಡಳ್ಳಿಯಲ್ಲಿ ಐನೂರಕ್ಕೂ ಹೆಚ್ಚು ಆದಿವಾಸಿ ಕುಟುಂಬಗಳ ಗುಡಿಸಲುಗಳನ್ನು ಕೆಡವಲಾಯಿತು. ಅವರಲ್ಲಿ ಬಹಳ ಮಂದಿ ತೋಟಗಳ ಲೈನ್ ಮನೆಗಳ ಬದುಕನ್ನು ಬಿಟ್ಟು, ತಮ್ಮದೆಂಬ ಒಂದಿಷ್ಟು ನೆಲ ಬೇಕೆಂದು ಬಂದವರು. ಬಂಗಲೆಗೆ ಪಾರಂಪರಿಕ ಮನ್ನಣೆ, ಲೈನ್ ಮನೆ ತೊರೆದವನಿಗೆ ಅತಿಕ್ರಮಣಕಾರನೆಂಬ ಹಣೆಪಟ್ಟಿ!

ಮಳೆಗಾಲದಲ್ಲಂತೂ ಈ ಭೇದ ಜೀವವನ್ನೇ ಕೇಳುತ್ತದೆ. 2020ರ ಆಗಸ್ಟ್ 6ರ ರಾತ್ರಿ ಮುನ್ನಾರಿನ ಬಳಿಯ ಪೆಟ್ಟಿಮುಡಿಯಲ್ಲಿ ಗುಡ್ಡ ಜರಿದು ಚಹಾ ತೋಟದ ಲೈನ್ ಮನೆಗಳ ಸಾಲುಗಳನ್ನು ಮುಚ್ಚಿತು. ಸತ್ತವರು, ಸಿಗದೇ ಹೋದವರು ಸೇರಿ 70 ಮಂದಿ. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲಗಳಲ್ಲಿ ಇನ್ನೂರಕ್ಕೂ ಹೆಚ್ಚು ಜನ ಹೋದರು. ಅಲ್ಲಿಯೂ ಕೊಚ್ಚಿಹೋದ ಮನೆಗಳಲ್ಲಿ ಅವರು 'ಪಾಡಿ' ಎಂದು ಕರೆಯುವ ತೋಟದ ಲೈನ್ ಮನೆಗಳಿದ್ದವು. ತೋಟಗಳ ನಕ್ಷೆ ಬರೆದವರು ಬಂಗಲೆಗೆ ಗಾಳಿ, ಬೆಳಕು, ನೋಟವಿರುವ ದಿಬ್ಬವನ್ನು ಹುಡುಕಿದರು. ಆಳುಗಳ ಸಾಲುಮನೆಗೆ ಇದ್ದಬದ್ದ ಜಾಗ ಸಾಕೆಂದರು. ನೂರೈವತ್ತು ವರ್ಷಗಳ ಹಿಂದಿನ ಆ ಲೆಕ್ಕಾಚಾರಕ್ಕೆ ಇಂದಿನ ಮಳೆ ಬೆಲೆ ವಸೂಲು ಮಾಡುತ್ತಿದೆ.

ಕೊಡಗಿನ ಗಾಯವೂ ಮಾಸಿಲ್ಲ. 2018ರ ಆಗಸ್ಟಿನಲ್ಲಿ ಜೋಡುಪಾಲ, ಮಕ್ಕಂದೂರು, ಹೆಬ್ಬೆಟ್ಟಗೇರಿ, ಕಾಲೂರು, ಮುಕ್ಕೋಡ್ಲು ಮೊದಲಾದ ಊರುಗಳ ಗುಡ್ಡಗಳು ಜರಿದವು. 2019ರಲ್ಲಿ ತೋರ ಗ್ರಾಮ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ. ಅತಿಯಾದ ಮಳೆ ಕಾರಣವೆಂಬುದು ನಿಜ. ಆದರೆ ರಸ್ತೆಗೂ ಕಟ್ಟಡಕ್ಕೂ ಇಳಿಜಾರನ್ನು ನೇರವಾಗಿ ಕಡಿದದ್ದು, ನೀರಿನ ಸಹಜ ದಾರಿಗಳನ್ನು ಮುಚ್ಚಿದ್ದು ಗುಡ್ಡವನ್ನು ಸಡಿಲಗೊಳಿಸಿತೆಂದು ಭೂವಿಜ್ಞಾನಿಗಳು ಅಂದೇ ಹೇಳಿದರು. ಹಳೆಯ ಬಂಗಲೆ ಒಂದೇ ಆಗಿದ್ದರೆ ಗುಡ್ಡ ಅದನ್ನು ಹೊರುತ್ತಿತ್ತು. ಬಂಗಲೆಯ ಹೆಸರು ಮಾರಾಟವಾಗತೊಡಗಿದಾಗ ಪಕ್ಕದಲ್ಲಿ ಹತ್ತು ಕಾಟೇಜು, ಈಜುಕೊಳ, ವಾಹನ ನಿಲ್ಲಿಸಲು ಸಮತಟ್ಟು, ಅದಕ್ಕೆ ಜೆಸಿಬಿ ಏರುವ ರಸ್ತೆ ಬರುತ್ತವೆ. ಪರಂಪರೆಯ ಹೆಸರಿನಲ್ಲಿ ಬರುವ ಈ ಹೊಸ ಹೊರೆಯ ಬಗ್ಗೆ ನಮ್ಮ ಎಚ್ಚರಿಕೆ.

ಪೇಟೆಯ ಮಿತ್ರರಿಗೂ ಇದರಲ್ಲಿ ಸ್ವಾರ್ಥವಿರಬೇಕು. 2024ರ ಬೇಸಿಗೆಯಲ್ಲಿ ಕುಂದಲಹಳ್ಳಿ, ವೈಟ್‌ಫೀಲ್ಡ್ ಸುತ್ತಿನ ಜನ ಟ್ಯಾಂಕರಿಗಾಗಿ ಕಾದರು. ಅದೇ ವರ್ಷದ ಅಕ್ಟೋಬರಿನಲ್ಲಿ ಕಾವೇರಿ ಐದನೆಯ ಹಂತ ಉದ್ಘಾಟನೆಯಾಯಿತು. 2007ರಲ್ಲಿ ಮಹಾನಗರ ಪಾಲಿಕೆಗೆ ಸೇರಿದ 110 ಹಳ್ಳಿಗಳಿಗೆಂದು ದಿನಕ್ಕೆ 77.5 ಕೋಟಿ ಲೀಟರ್ ನೀರನ್ನು ನೂರು ಕಿಲೋಮೀಟರು ದೂರದಿಂದ ಎತ್ತಿ ತರುವ ಯೋಜನೆ ಅದು. ಆ ನೀರು ಹುಟ್ಟುವುದು ಎಲ್ಲಿ? ಕೊಡಗಿನ ಶೋಲೆಗಳಲ್ಲಿ, ಗದ್ದೆಬಯಲುಗಳಲ್ಲಿ, ಹೆಮ್ಮರಗಳ ನೆರಳಿರುವ ತೋಟಗಳಲ್ಲಿ. ಶನಿವಾರದ ಈಜುಕೊಳಕ್ಕಾಗಿ ಬತ್ತಿಸಿದ ತೋಡು ಸೋಮವಾರ ಕುಂದಲಹಳ್ಳಿಯ ನಲ್ಲಿಯಲ್ಲಿ ನೀರಾಗಿ ಬರಲಾರದು.

ನಮ್ಮವರೇ ಎತ್ತುವ ಒಂದು ಆಕ್ಷೇಪಕ್ಕೆ ನೇರವಾಗಿ ಉತ್ತರಿಸಬೇಕು. 1996ರಲ್ಲಿ ಕಾಫಿ ಮಂಡಳಿಯ ಪೂಲಿಂಗ್ ವ್ಯವಸ್ಥೆ ಕೊನೆಗೊಂಡಿತು. ಅದಾದ ಕೆಲವೇ ವರ್ಷಗಳಲ್ಲಿ ಬೆಲೆ ನೆಲಕಚ್ಚಿದಾಗ ಸಣ್ಣ ಬೆಳೆಗಾರ ಸಾಲದಲ್ಲಿ ಮುಳುಗಿದ. ಮನೆಯ ಎರಡು ಕೋಣೆಗಳನ್ನು ಅತಿಥಿಗಳಿಗೆ ಕೊಟ್ಟು ಅವನು ಮಕ್ಕಳ ಶಾಲೆಯ ಶುಲ್ಕ ಕಟ್ಟಿದ. ಅದನ್ನು ತಪ್ಪೆನ್ನುವ ಅಧಿಕಾರ ಯಾರಿಗೂ ಇಲ್ಲ. ಮನೆಯವರು ವಾಸವಿರುವ ಮನೆ, ಮನೆಯವರೇ ಬಡಿಸುವ ಊಟ, ಇರುವ ಬಾವಿಯ ನೀರು: ಇದು ಹೋಂಸ್ಟೇ. ಮಾಲೀಕ ಬೆಂಗಳೂರಿನಲ್ಲಿ, ವ್ಯವಸ್ಥಾಪಕ ಗುತ್ತಿಗೆಯಲ್ಲಿ, ಹೊಸ ಕಟ್ಟಡ ಇಳಿಜಾರಿನಲ್ಲಿ, ಹಣ ಮತ್ತೆ ಬೆಂಗಳೂರಿನಲ್ಲಿ: ಇದು ಹೋಟೆಲು. ಎರಡನ್ನೂ ಒಂದೇ ಹೆಸರಿನಲ್ಲಿ ಕರೆದು ಸಣ್ಣವನ ಕಷ್ಟವನ್ನು ದೊಡ್ಡವನು ಗುರಾಣಿ ಮಾಡಿಕೊಳ್ಳುವುದನ್ನು ನಾವು ವಿರೋಧಿಸುತ್ತೇವೆ.

ಸರ್ಕಾರದ ಮೇಲೆ ಭಾರ ಹಾಕಿ ಕೂರುವ ಕಾಲವೂ ಇದಲ್ಲ. 2011ರಲ್ಲಿ ಗಾಡ್ಗೀಳ್ ಸಮಿತಿಯ ವರದಿ ಬಂತು, 2013ರಲ್ಲಿ ಕಸ್ತೂರಿರಂಗನ್ ಸಮಿತಿಯದು. 2024ರ ಜುಲೈ 31ರಂದು, ವಯನಾಡು ದುರಂತದ ಮರುದಿನ, ಕೇಂದ್ರವು ಪಶ್ಚಿಮಘಟ್ಟದ ಸೂಕ್ಷ್ಮ ಪ್ರದೇಶದ ಆರನೆಯ ಕರಡನ್ನು ಹೊರಡಿಸಿತು. ಅದರಲ್ಲಿ ಕರ್ನಾಟಕದ ಪಾಲು 20,668 ಚದರ ಕಿಲೋಮೀಟರು. ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು. ತಮ್ಮ ಗದ್ದೆ, ಕೊಟ್ಟಿಗೆಗಳ ಮೇಲೆ ಇಲಾಖೆಯ ಕೈ ಬೀಳುವುದೆಂಬ ಹಳ್ಳಿಗರ ಭಯ ಸುಳ್ಳಲ್ಲ. ಆದರೆ ಆ ಭಯದ ಮರೆಯಲ್ಲಿ ನಿಂತು ನಿಶ್ಚಿಂತರಾದವರು ಗದ್ದೆಯವರಲ್ಲ, ಗುಡ್ಡ ಕಡಿಯುವವರು. ಗಾಡ್ಗೀಳ್ ಸಮಿತಿ ಗ್ರಾಮಸಭೆಯ ಮಾತಿಗೆ ಬೆಲೆ ಕೊಡಿರೆಂದು ಹೇಳಿತ್ತು ಎಂಬುದನ್ನು ನಮ್ಮ ಊರುಗಳಲ್ಲಿ ಎಷ್ಟು ಜನಕ್ಕೆ ತಿಳಿಸಲಾಯಿತು?

ಆದ್ದರಿಂದ ಹಳ್ಳಿಯ ಬಂಧುಗಳಲ್ಲಿ ನಮ್ಮ ಕೋರಿಕೆ ಇಷ್ಟು. ಕಟ್ಟಡದ ಪರವಾನಗಿ ಗ್ರಾಮ ಪಂಚಾಯತಿಯ ಮೂಲಕ ಬರುತ್ತದೆ. ಮುಂದಿನ ಗ್ರಾಮಸಭೆಯಲ್ಲಿ ತಮ್ಮ ಊರಿನ ಪ್ರತಿಯೊಂದು ವಾಣಿಜ್ಯ ತಂಗುದಾಣದ ಲೆಕ್ಕ ಕೇಳಿರಿ: ನೀರು ಯಾವ ತೋಡಿನಿಂದ, ಎಷ್ಟು? ಶೌಚದ ನೀರು ಎಲ್ಲಿಗೆ? ಕಸ ಎಲ್ಲಿಗೆ? ಇಳಿಜಾರನ್ನು ಎಷ್ಟು ಕಡಿಯಲಾಗಿದೆ? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಯಿಸಿರಿ. ಪಾರಂಪರಿಕವೆಂದು ಹೇಳಿಕೊಳ್ಳುವ ಬಂಗಲೆಯಾದರೆ ಅದೇ ತೋಟದ ಲೈನ್ ಮನೆಗಳ ಮಾಡು ಸೋರುತ್ತಿದೆಯೇ, ಮಳೆಗಾಲದಲ್ಲಿ ಅಲ್ಲಿ ಮಲಗುವುದು ಕ್ಷೇಮವೇ ಎಂಬುದನ್ನೂ ಕೇಳಿರಿ.

ಕುಂದಲಹಳ್ಳಿಯ ವಿದ್ಯಾರ್ಥಿ ಮಿತ್ರರೇ, ನೀವು ಬನ್ನಿ. ಬರುವ ಮುನ್ನ ಇದೇ ಪ್ರಶ್ನೆಗಳನ್ನು ನೀವೂ ಕೇಳಿ. ಹಣ ಕೊಡುವವರ ಪ್ರಶ್ನೆಗೆ ನಮ್ಮ ಪ್ರಶ್ನೆಗಿಂತ ಬೇಗ ಉತ್ತರ ಸಿಗುತ್ತದೆ. ನಿಮ್ಮ ಗಾಜಿನ ಕಟ್ಟಡಗಳ ಹಿಂದೆಯೂ ಅವನ್ನು ಕಟ್ಟಿದವರ ತಗಡಿನ ಶೆಡ್ಡುಗಳಿವೆ. ಅವನ್ನು ದಿನವೂ ಕಾಣುವ ನಿಮಗೆ ಲೈನ್ ಮನೆಯ ಅರ್ಥವನ್ನು ನಾವು ವಿವರಿಸಬೇಕಾಗಿಲ್ಲ. ಬಂಗಲೆಯ ಜಗಲಿಯಿಂದ ಇಳಿದು ಹಿಂದಿನ ದಾರಿಯಲ್ಲಿ ನಡೆಯಿರಿ. ಅಲ್ಲಿರುವ ಹಿರಿಯರನ್ನು ಮಾತನಾಡಿಸಿರಿ, ಅವರು ಹೇಳಿದ್ದನ್ನು ಬರೆದುಕೊಳ್ಳಿರಿ. ಗುಡ್ಡಗಳ ಬರೆಯದ ಇತಿಹಾಸ ಅವರ ಬಾಯಲ್ಲಿದೆ, ಮತ್ತು ಅವರಿಗೆ ವಯಸ್ಸಾಗುತ್ತಿದೆ.