ಸಂಘದ ಇಮೇಲ್ ಸಂಘದ ಕೈಗೆ ಬರಲಿ!

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಸಹಕಾರ ಸಂಘಗಳ ಆಡಳಿತ ಮಂಡಳಿಯವರಿಗೆ, ರೈತ ಉತ್ಪಾದಕ ಕಂಪನಿಗಳ ನಿರ್ದೇಶಕರಿಗೆ, ಸ್ವಸಹಾಯ ಸಂಘಗಳ ಅಕ್ಕ-ತಂಗಿಯರಿಗೆ, ಶಾಲೆ-ಕಾಲೇಜು ನಡೆಸುವ ಸಂಸ್ಥೆಗಳಿಗೆ, ಮಠ, ದರ್ಗಾ, ದೇವಸ್ಥಾನಗಳ ಕಮಿಟಿಯವರಿಗೆ ಒಂದು ಮನವಿ.

ಬಂಧುಗಳೇ,

ಸಂಘದ ಕಾರ್ಯದರ್ಶಿ ಬದಲಾದಾಗ ಚಾರ್ಜ್ ಪಟ್ಟಿ ಬರೆಯುತ್ತೇವೆ. ಕಬ್ಬಿಣದ ಕಪಾಟು ಒಂದು, ಕೀಲಿ ಎರಡು, ರಬ್ಬರ್ ಸೀಲು, ಠರಾವು ಪುಸ್ತಕ, ಕ್ಯಾಶ್ ಬುಕ್, ಬರೆಯದೆ ಉಳಿದ ರಶೀದಿ ಪುಸ್ತಕ ಇಷ್ಟು, ಕುರ್ಚಿ ಇಷ್ಟು. ಕೆಳಗೆ ಕೊಟ್ಟವರ ಸಹಿ, ತೆಗೆದುಕೊಂಡವರ ಸಹಿ. ನಿಮ್ಮ ಸಂಘದ ಹಳೆಯ ಚಾರ್ಜ್ ಪಟ್ಟಿಯನ್ನು ಇವತ್ತೇ ತೆಗೆದು ನೋಡಿ. ಅದರಲ್ಲಿ ಇಮೇಲ್ ಖಾತೆ ಎಂಬ ಸಾಲು ಇದೆಯೇ?

ಬ್ಯಾಂಕಿನ ಪತ್ರ, ಜಿಎಸ್‌ಟಿ ನೋಟಿಸು, ಆಡಿಟ್ ವರದಿ, ಇಲಾಖೆಯ ಸುತ್ತೋಲೆ, ವಿಮಾ ಕಂಪನಿಯ ಉತ್ತರ, ಲಾತೂರಿನ ದಾಲ್ ಮಿಲ್ಲಿನವರು ಕಳಿಸಿದ ತೊಗರಿ ದರ ಎಲ್ಲವೂ ಈಗ ಬರುವುದು ಇಮೇಲಿಗೆ. ಆದರೆ ಎಷ್ಟೋ ಸಂಘಗಳಲ್ಲಿ ಆ ಇಮೇಲ್ ಸಂಘದ್ದಲ್ಲ. ಹಿಂದೆ ಇದ್ದ ಕಾರ್ಯದರ್ಶಿಯೋ ಗುಮಾಸ್ತರೋ ತಮ್ಮ ಸ್ವಂತ ಫೋನಿನಲ್ಲಿ ತೆರೆದ ಉಚಿತ ಖಾತೆ ಅದು. ಪಾಸ್‌ವರ್ಡ್ ಅವರಿಗಷ್ಟೇ ಗೊತ್ತು, ಓಟಿಪಿ ಬರುವುದು ಅವರ ನಂಬರಿಗೆ. ಇನ್ನು ಕೆಲವರ ಖಾತೆ ಬಸ್ ನಿಲ್ದಾಣದ ಎದುರಿನ ಝೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ದಿನವಿಡೀ ತೆರೆದೇ ಇರುತ್ತದೆ. ಪ್ರಿಂಟ್ ತೆಗೆಸಲು ಬಂದ ಯಾರು ಬೇಕಾದರೂ ಸಂಘದ ಲೆಕ್ಕಪತ್ರ ಓದಬಹುದು.

ಖಾತೆ ತೆರೆದವರು ಕೆಟ್ಟವರೆಂದು ನಾವು ಹೇಳುತ್ತಿಲ್ಲ. ಆ ದಿನ ಕೆಲಸ ಸಾಗಬೇಕಿತ್ತು, ಸಾಗಿಸಿದರು. ಆದರೆ ಅವರಿಗೆ ವರ್ಗವಾಗುತ್ತದೆ, ಪುಣೆಗೋ ಹೈದರಾಬಾದಿಗೋ ದುಡಿಯಲು ಹೋಗುತ್ತಾರೆ, ಸಿಮ್ ಬದಲಿಸುತ್ತಾರೆ, ಕೆಲವರು ತೀರಿಕೊಳ್ಳುತ್ತಾರೆ. ಅಲ್ಲಿಗೆ ಸಂಘದ ಐದಾರು ವರ್ಷದ ಪತ್ರವ್ಯವಹಾರ ಹೋದಂತೆಯೇ. ಮೇಲಾಗಿ, ಎರಡು ವರ್ಷ ಮುಟ್ಟದೆ ಬಿಟ್ಟ ವೈಯಕ್ತಿಕ ಖಾತೆಗಳನ್ನು ಅಳಿಸುವ ನಿಯಮವನ್ನು ಗೂಗಲ್ 2023ರ ಡಿಸೆಂಬರ್‌ನಿಂದ ಜಾರಿಗೆ ತಂದಿದೆ. ಬೇರೆಯವರ ಹಗೇವಿನಲ್ಲಿ ನಮ್ಮ ಜೋಳ ತುಂಬಿದಂತಾಗಿದೆ ನಮ್ಮ ಸ್ಥಿತಿ: ಕಾಳು ನಮ್ಮದು, ಬಾಯಿ ಮುಚ್ಚಿದ ಕಲ್ಲು ಅವರದು.

ಫೋನ್ ನಂಬರು, ಲಾಗಿನ್, ಓಟಿಪಿ ಇವು ಯಾರ ಕೈಯಲ್ಲಿವೆ ಎಂಬುದು ಸಣ್ಣ ಮಾತಲ್ಲ. ಆಳಂದದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2023ರ ವಿಧಾನಸಭಾ ಚುನಾವಣೆಗೆ ಮೊದಲು ಆಳಂದ ಕ್ಷೇತ್ರದ ಮತದಾರರ ಪಟ್ಟಿಯಿಂದ ಹೆಸರು ತೆಗೆಯಲು ಆನ್‌ಲೈನ್‌ನಲ್ಲಿ 6,018 ಅರ್ಜಿಗಳು ಬಂದವು. ಪರಿಶೀಲಿಸಿದಾಗ ಅವುಗಳಲ್ಲಿ 24 ಮಾತ್ರ ಸರಿಯಾಗಿದ್ದವು ಎಂದು ಚುನಾವಣಾ ಆಯೋಗವೇ ಹೇಳಿತು, ಪೊಲೀಸ್ ಪ್ರಕರಣ ದಾಖಲಾಯಿತು. ಅದರ ಹಿಂದೆ ಯಾರಿದ್ದರು ಎಂಬುದನ್ನು ತನಿಖೆ ಮತ್ತು ನ್ಯಾಯಾಲಯ ಹೇಳಲಿ. ನಮ್ಮ ಹೆಸರಿನಲ್ಲಿ ಇನ್ನೊಬ್ಬರು ಅರ್ಜಿ ಹಾಕಬಹುದಾದ ಕಾಲ ಇದು ಎಂಬುದನ್ನು ನಾವು ಅಷ್ಟರಿಂದಲೇ ಕಲಿಯಬೇಕು.

ಹಾಗಾದರೆ ದುಡ್ಡು ಕೊಟ್ಟು ದೊಡ್ಡ ಕಂಪನಿಯ ಇಮೇಲ್ ಕೊಂಡರೆ ಸಾಕಲ್ಲ ಎನ್ನುವವರಿದ್ದಾರೆ. ಅವರು ನಯಾರಾ ಎನರ್ಜಿಗೆ ಆದದ್ದನ್ನು ನೋಡಲಿ. ಗುಜರಾತಿನ ವಾಡಿನಾರ್‌ನಲ್ಲಿ ದೊಡ್ಡ ತೈಲ ಸಂಸ್ಕರಣಾಗಾರ ನಡೆಸುವ ಕಂಪನಿ ಅದು. ಯುರೋಪಿನ ಒಕ್ಕೂಟ ಅದರ ಮೇಲೆ ನಿರ್ಬಂಧ ಹೇರಿತು ಎಂಬ ಕಾರಣಕ್ಕೆ 2025ರ ಜುಲೈನಲ್ಲಿ ಮೈಕ್ರೋಸಾಫ್ಟ್ ಅದರ ಇಮೇಲ್ ಸೇವೆ ನಿಲ್ಲಿಸಿತು. ಹಣ ಕಟ್ಟಿದ್ದ ಗಿರಾಕಿ ತನ್ನ ಪತ್ರಗಳಿಗಾಗಿ ದೆಹಲಿ ಹೈಕೋರ್ಟಿಗೆ ಹೋಗಬೇಕಾಯಿತು. ಆಮೇಲೆ ಸೇವೆ ಮರಳಿತು. ಅಷ್ಟು ದೊಡ್ಡ ಕಂಪನಿಗೆ ವಕೀಲರಿದ್ದಾರೆ. ಭೀಮಾ ದಂಡೆಯ ಪ್ರಾಥಮಿಕ ಕೃಷಿ ಪತ್ತಿನ ಸಂಘಕ್ಕೆ ಯಾರಿದ್ದಾರೆ?

ಇದಕ್ಕೆ ದಾರಿ ಓಪನ್ ಸೋರ್ಸ್ ತಂತ್ರಾಂಶ. ಅದರ ಕೋಡ್ ಎಲ್ಲರಿಗೂ ತೆರೆದಿರುತ್ತದೆ. ಬಲ್ಲವರು ಓದಬಹುದು, ತಿದ್ದಬಹುದು, ಇನ್ನೊಬ್ಬರಿಗೆ ಕೊಡಬಹುದು. ಪರವಾನಗಿಗೆಂದು ತಲೆಗಿಷ್ಟು ದುಡ್ಡು ಕಟ್ಟಬೇಕಿಲ್ಲ. ಪತ್ರ ಸಾಗಿಸಲು ಪೋಸ್ಟ್‌ಫಿಕ್ಸ್, ಜೋಡಿಸಿಡಲು ಡವ್‌ಕಾಟ್, ಬ್ರೌಸರಿನಲ್ಲಿ ಓದಲು ರೌಂಡ್‌ಕ್ಯೂಬ್, ಕಂಪ್ಯೂಟರಿನಲ್ಲೂ ಆಂಡ್ರಾಯ್ಡ್ ಫೋನಿನಲ್ಲೂ ಓದಲು ಥಂಡರ್‌ಬರ್ಡ್. ಸಭೆಯ ನಡಾವಳಿ, ಸಾಲದ ಪಟ್ಟಿ, ಫೋಟೊ, ಕ್ಯಾಲೆಂಡರ್ ಒಂದೇ ಕಡೆ ಇಟ್ಟು ಹತ್ತು ಜನ ಸೇರಿ ತಿದ್ದಲು ನೆಕ್ಸ್ಟ್‌ಕ್ಲೌಡ್. ಊರಿಂದೂರಿಗೆ ವಿಡಿಯೊ ಸಭೆ ನಡೆಸಲು ಜಿಟ್ಸಿ. ಪತ್ರ, ಲೆಕ್ಕ ಬರೆಯಲು ಕನ್ನಡದಲ್ಲೇ ಮೆನು ಇರುವ ಲಿಬ್ರೆಆಫೀಸ್. ಇವೆಲ್ಲ ನಿನ್ನೆ ಹುಟ್ಟಿದವಲ್ಲ. ಪೋಸ್ಟ್‌ಫಿಕ್ಸ್ 1998ರಿಂದ ಜಗತ್ತಿನ ಪತ್ರ ಹೊರುತ್ತಿದೆ. ಸರ್ವರ್ ಅಂದರೆ ಪತ್ರಗಳನ್ನು ಇಟ್ಟು ಸಾಗಿಸುವ ಕಂಪ್ಯೂಟರ್; ಅದನ್ನು ಬಾಡಿಗೆಗೆ ಕೊಟ್ಟ ಒಬ್ಬನ ಜೊತೆ ಸರಿಹೋಗದಿದ್ದರೆ ಅದೇ ತಂತ್ರಾಂಶ, ಅದೇ ಪತ್ರಗಳನ್ನು ಇನ್ನೊಬ್ಬನ ಬಳಿ ಒಯ್ಯಬಹುದು. ನಮಗೆ ಮುಖ್ಯವಾದ ಲಾಭ ಇದೇ. ದುಡ್ಡಿನ ಉಳಿತಾಯ ಆಮೇಲಿನ ಮಾತು.

ಸರ್ಕಾರಗಳೂ ಈ ದಾರಿ ಹಿಡಿದಿವೆ. ಇ-ಆಡಳಿತದ ಕೆಲಸಗಳಲ್ಲಿ ಓಪನ್ ಸೋರ್ಸ್‌ಗೆ ಆದ್ಯತೆ ಕೊಡಬೇಕೆಂಬ ನೀತಿಯನ್ನು ಭಾರತ ಸರ್ಕಾರ 2015ರಲ್ಲಿ ಹೊರಡಿಸಿತು. ಕೇರಳದ ಸರ್ಕಾರಿ ಶಾಲೆಗಳ ಮಕ್ಕಳು ಲಿನಕ್ಸ್ ಕಂಪ್ಯೂಟರಿನಲ್ಲೇ ಕಲಿಯುತ್ತಾರೆ. ಜರ್ಮನಿಯ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯ ಸರ್ಕಾರ 2025ರ ಅಕ್ಟೋಬರ್ ಹೊತ್ತಿಗೆ ತನ್ನ 40,000ಕ್ಕೂ ಹೆಚ್ಚು ಅಂಚೆಪೆಟ್ಟಿಗೆಗಳನ್ನು, 10 ಕೋಟಿಗೂ ಹೆಚ್ಚು ಪತ್ರ ಮತ್ತು ಕ್ಯಾಲೆಂಡರ್ ನಮೂದುಗಳನ್ನು ಮೈಕ್ರೋಸಾಫ್ಟ್‌ನಿಂದ ಬಿಡಿಸಿ ಓಪನ್-ಎಕ್ಸ್‌ಚೇಂಜ್ ಮತ್ತು ಥಂಡರ್‌ಬರ್ಡ್‌ಗೆ ತಂದಿತು.

ಕೆಲಸ ಸುಲಭವೆಂದು ಹೇಳಿ ನಿಮ್ಮನ್ನು ಹುರಿದುಂಬಿಸಲು ನಮಗೆ ಇಷ್ಟವಿಲ್ಲ. ಇಮೇಲ್ ಸರ್ವರ್ ನಡೆಸುವುದು ಕಷ್ಟದ ಕೆಲಸ. ಸಂಘದ ಕೋಣೆಯ ಮೂಲೆಯಲ್ಲಿ ಹಳೆಯ ಕಂಪ್ಯೂಟರ್ ಇಟ್ಟು ನಡೆಸುತ್ತೇವೆಂದರೆ ನಡೆಯದು. ಬೇಸಿಗೆಯಲ್ಲಿ ಕರೆಂಟ್ ಹೋದೊಡನೆ ಪತ್ರ ನಿಲ್ಲುತ್ತದೆ. ಈ ಪತ್ರ ನಿಜವಾಗಿ ಈ ಸಂಘದ್ದೇ ಎಂದು ಸಾರುವ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಮೂರು ಗುರುತುಗಳನ್ನು ಸರಿಯಾಗಿ ಹಾಕದಿದ್ದರೆ ನಾವು ಕಳಿಸಿದ್ದು ಎದುರಿನವರ ಸ್ಪ್ಯಾಮ್‌ಗೆ ಬೀಳುತ್ತದೆ. ತಂತ್ರಾಂಶವನ್ನು ಕಾಲಕಾಲಕ್ಕೆ ಹೊಸದು ಮಾಡದಿದ್ದರೆ ಕಳ್ಳರು ನುಗ್ಗುತ್ತಾರೆ. 2022ರಲ್ಲಿ ಝಿಂಬ್ರಾ ಎಂಬ ಇಮೇಲ್ ತಂತ್ರಾಂಶದ ಲೋಪ ಹಿಡಿದು ಜಗತ್ತಿನ ಸಾವಿರಕ್ಕೂ ಹೆಚ್ಚು ಸರ್ವರ್‌ಗಳಿಗೆ ನುಗ್ಗಿದರು. ಪರವಾನಗಿಗೆ ದುಡ್ಡಿಲ್ಲ ನಿಜ, ಆದರೆ ಸರ್ವರಿನ ಬಾಡಿಗೆಗೂ ನೋಡಿಕೊಳ್ಳುವವರ ಸಂಬಳಕ್ಕೂ ದುಡ್ಡು ಬೇಕು. ಪುಕ್ಕಟೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಆದ್ದರಿಂದ ಒಂದೊಂದು ಸಂಘ ಒಂಟಿಯಾಗಿ ಹೊರಡುವುದು ಬೇಡ, ಮೂರೂ ತಾಲ್ಲೂಕಿನವರು ಕೂಡಿ ಮಾಡೋಣ. ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ರೈತರನ್ನು ಕೂಡಿಸಿ ಸಹಕಾರಿ ಪತ್ತಿನ ಸಂಘ ಕಟ್ಟಿದರು. ಒಬ್ಬ ರೈತನಿಂದ ಆಗದ್ದು ಊರಿನಿಂದ ಆಯಿತು. ನಮ್ಮ ಪತ್ತಿನ ಸಂಘಗಳೆಲ್ಲ ಅದರ ಮೊಮ್ಮಕ್ಕಳು. ಇಪ್ಪತ್ತು ಮೂವತ್ತು ಸಂಘಗಳು ವಂತಿಗೆ ಹಾಕಿದರೆ ಭಾರತದೊಳಗಿನ ಡೇಟಾ ಸೆಂಟರಿನಲ್ಲಿ ಒಂದು ಸರ್ವರ್ ಬಾಡಿಗೆಗೆ ಹಿಡಿಯಬಹುದು, ಅದನ್ನು ನೋಡಿಕೊಳ್ಳುವ ಇಬ್ಬರಿಗೆ ಊರಲ್ಲೇ ಸಂಬಳ ಕೊಡಬಹುದು. ಇಬ್ಬರು ಇರಲೇಬೇಕು. ಒಬ್ಬರನ್ನೇ ನಂಬಿ ಕುಳಿತರೆ ಈಗಿನ ಗತಿಯೇ ಮತ್ತೆ ಬರುತ್ತದೆ.

ಕೆಲಸ ಬಲ್ಲವರು ಎಲ್ಲಿ ಸಿಗುತ್ತಾರೆ ಎಂದು ಕೇಳಬೇಡಿ. ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಇರುವುದು ನಮ್ಮ ಆಳಂದ ತಾಲ್ಲೂಕಿನ ಕಡಗಂಚಿಯಲ್ಲೇ. ಕಲಬುರಗಿಯಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ. ಕಂಪ್ಯೂಟರ್ ಓದಿದ ನಮ್ಮ ಮಕ್ಕಳು ಬೆಂಗಳೂರಿನಲ್ಲಿ ಬೇರೆಯವರ ಸರ್ವರ್ ಕಾಯುತ್ತಿದ್ದಾರೆ. ಅವರಲ್ಲಿ ಒಬ್ಬಿಬ್ಬರಾದರೂ ಊರಿನ ಈ ಕೆಲಸಕ್ಕೆ ಹೆಗಲು ಕೊಡಲಿ.

ಅಫಜಲಪುರ, ಜೇವರ್ಗಿಯ ನದಿದಂಡೆಯ ಊರುಗಳಿಗೆ ಇನ್ನೊಂದು ಮಾತು. 2020ರ ಅಕ್ಟೋಬರ್‌ನಲ್ಲಿ ಭೀಮಾ ಉಕ್ಕಿ ಮನೆಗಳಿಗೆ ನುಗ್ಗಿತು. 2025ರ ಸೆಪ್ಟೆಂಬರ್‌ನಲ್ಲಿ ಮತ್ತೆ ಬಂತು. ಕಾಗದದ ದಫ್ತರಕ್ಕೂ ಕಪಾಟಿನ ಕಂಪ್ಯೂಟರಿಗೂ ನೀರು ಒಂದೇ. ದಾಖಲೆಗಳ ಒಂದು ಪ್ರತಿ ಸರ್ವರಿನಲ್ಲಿ, ಇನ್ನೊಂದು ಪ್ರತಿ ಬೇರೆ ಊರಿನಲ್ಲಿ ಇದ್ದರೆ ನೀರು ಇಳಿದ ಮರುದಿನವೇ ವಿಮೆ, ಪರಿಹಾರ, ಸಾಲದ ಕಾಗದ ತೆಗೆದು ಮುಂದಿಡಬಹುದು.

ತೊಗರಿ ಬೆಳೆಯುವ ರೈತ ಕಂಪನಿಗಳಿಗೆ ಲಾಭ ಇನ್ನೂ ಹೆಚ್ಚು. ನಮ್ಮ ಗುಲ್ಬರ್ಗ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಅಂಥ ಬೇಳೆಯನ್ನು ದೂರದ ವ್ಯಾಪಾರಿಗೆ ಮಾರುವಾಗ ಯಾರದೋ ಹೆಸರು, ಹಿಂದೆ ನಾಲ್ಕು ಅಂಕಿ ಇರುವ ಉಚಿತ ವಿಳಾಸದಿಂದ ಪತ್ರ ಬರೆದರೆ ಅವನು ಹೇಗೆ ನಂಬಿಯಾನು? ಕಂಪನಿಯ ಹೆಸರಿನದೇ ಡೊಮೇನ್ ಕೊಳ್ಳಲು ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸು ಸಾಕು. ಕನ್ನಡ ಲಿಪಿಯಲ್ಲೇ ಡಾಟ್ ಭಾರತ ಎಂದು ಕೊನೆಯಾಗುವ ವಿಳಾಸವೂ ಸಿಗುತ್ತದೆ. ಪೋಸ್ಟ್‌ಫಿಕ್ಸ್ 2015ರಿಂದಲೇ ಇಂಥ ವಿಳಾಸದ ಪತ್ರ ಸಾಗಿಸಬಲ್ಲದು. ಎಲ್ಲ ಕಚೇರಿಗಳ ಫಾರಂಗಳು ಇನ್ನೂ ಇದನ್ನು ಒಪ್ಪುವುದಿಲ್ಲ, ಹಾಗಾಗಿ ಇಂಗ್ಲಿಷ್ ಲಿಪಿಯ ವಿಳಾಸವನ್ನೂ ಜೊತೆಗಿಟ್ಟುಕೊಳ್ಳಿ.

ಸರ್ವರ್ ಬರುವ ತನಕ ಕಾಯಬೇಡಿ. ಈ ವಾರವೇ ಹಳೆಯ ಖಾತೆಯ ಓಟಿಪಿಯನ್ನು ಸಂಘದ ಹೆಸರಿನ ಸಿಮ್‌ಗೆ ಬದಲಿಸಿ. ಝೆರಾಕ್ಸ್ ಅಂಗಡಿಯ ಕಂಪ್ಯೂಟರಿನಿಂದ ಲಾಗ್ ಔಟ್ ಆಗಿ ಪಾಸ್‌ವರ್ಡ್ ಬದಲಿಸಿ. ಥಂಡರ್‌ಬರ್ಡ್ ಹಾಕಿಕೊಂಡು ಹಳೆಯ ಪತ್ರಗಳನ್ನೆಲ್ಲ ಸಂಘದ ಕಂಪ್ಯೂಟರಿಗೆ ಇಳಿಸಿ, ಒಂದು ಪ್ರತಿಯನ್ನು ಹಾರ್ಡ್ ಡಿಸ್ಕಿನಲ್ಲಿ ಇಡಿ. ಮುಂದಿನ ಸಭೆಯಲ್ಲಿ ಈ ಠರಾವು ಮಾಡಿ. ಹೀಗೆಯೇ ಬರೆದುಕೊಳ್ಳಬಹುದು:

“ಸಂಘದ ಇಮೇಲ್ ಖಾತೆ, ಡೊಮೇನ್ ಹೆಸರು ಮತ್ತು ಅವುಗಳಲ್ಲಿರುವ ಎಲ್ಲ ಪತ್ರ, ಕಡತಗಳು ಸಂಘದ ಆಸ್ತಿಯಾಗಿರತಕ್ಕದ್ದು. ಪಾಸ್‌ವರ್ಡ್‌ಗಳನ್ನು ಅಧ್ಯಕ್ಷರು ಮತ್ತು ಕಾರ್ಯದರ್ಶಿ ಮೊಹರು ಮಾಡಿದ ಲಕೋಟೆಯಲ್ಲಿ ತಿಜೋರಿಯಲ್ಲಿ ಇಡತಕ್ಕದ್ದು. ಚಾರ್ಜ್ ಕೊಡುವಾಗ ಇವುಗಳನ್ನು ಪಟ್ಟಿಯಲ್ಲಿ ನಮೂದಿಸತಕ್ಕದ್ದು. ಮೂರು ತಾಲ್ಲೂಕುಗಳ ಸಂಘಗಳು ಕೂಡಿ ಓಪನ್ ಸೋರ್ಸ್ ಇಮೇಲ್ ವ್ಯವಸ್ಥೆ ಮಾಡಿಕೊಳ್ಳುವುದಕ್ಕೆ ಈ ಸಂಘದ ಒಪ್ಪಿಗೆ ಇದೆ.”

ಕಾರ್ಯದರ್ಶಿಯವರೇ, ಈ ವಿಷಯವನ್ನು ಸಭೆಯ ಅಜೆಂಡಾದಲ್ಲಿ ಸೇರಿಸಿರಿ. ಷೇರುದಾರ ಬಂಧುಗಳೇ, ಸೇರಿಸಿಲ್ಲವಾದರೆ ವಾರ್ಷಿಕ ಮಹಾಸಭೆಯಲ್ಲಿ ಎದ್ದು ನಿಂತು ಕೇಳಿರಿ: ನಮ್ಮ ಸಂಘದ ಇಮೇಲ್ ಯಾರ ಹೆಸರಿನಲ್ಲಿದೆ? ಉತ್ತರ ಸಿಗುವವರೆಗೆ ಕುಳಿತುಕೊಳ್ಳಬೇಡಿರಿ.