ದೊಡ್ಡವರ ಸ್ಕೇಟಿಂಗ್ – 6: ನಮಗೂ ಒಂದು ಬ್ಯಾಚ್ ಬೇಕು

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಕಡೆಯವರು ಮೆಸೇಜಲ್ಲಿ ಕೇಳೋದು ಹೆಚ್ಚುಕಮ್ಮಿ ಒಂದೇ ಪ್ರಶ್ನೆ. ಮೂವತ್ತೈದಾಯ್ತು, ಈಗ ಫಿಗರ್ ಸ್ಕೇಟಿಂಗ್ ಕಲಿಯಕ್ಕಾಗತ್ತಾ? ಆಗತ್ತೆ. ಜರ್ಮನಿಯ ಓಬರ್ಸ್ಟ್‌ಡಾರ್ಫ್‌ನಲ್ಲಿ 2005ರಿಂದ ದೊಡ್ಡವರಿಗೇ ಅಂತ ಅಂತರರಾಷ್ಟ್ರೀಯ ಸ್ಪರ್ಧೆ ನಡೀತಿದೆ, ಅಲ್ಲಿ ಅರವತ್ತು ದಾಟಿದವರೂ ಇಳೀತಾರೆ. ವಯಸ್ಸಿನ ಮಾತು ಇಲ್ಲಿಗೆ ಸಾಕು. ಎಲ್ಲಿ, ಯಾರ ಜೊತೆ ಕಲಿಯೋದು ಅನ್ನೋದೇ ನಿಜವಾದ ತೊಂದರೆ.

ಐಸ್ ವಿಷಯ ಮೊದಲು ಮುಗಿಸಿಬಿಡೋಣ. ದೊಡ್ಡ ಅಳತೆಯ ಐಸ್ ರಿಂಕ್ ಇರೋದು ಡೆಹ್ರಾಡೂನ್‌ನಲ್ಲಿ, 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟಕ್ಕೆ ಕಟ್ಟಿದ್ದು. ಶಿಮ್ಲಾದ ಹಳೇ ರಿಂಕು ಚಳಿ ಬಿದ್ರೆ ಮಾತ್ರ. ವಾರಕ್ಕೆರಡು ದಿನ ಅಭ್ಯಾಸ ಮಾಡ್ಬೇಕಾದ ನಮಗೆ ಇವೆಲ್ಲ ಟೂರಿಗೆ ಹೋದಾಗ ನೋಡೋ ಜಾಗ. ನಮ್ಮದು ಸಿಮೆಂಟು ನೆಲ, ನಾಲ್ಕು ಚಕ್ರ, ಹೆಸರು ಆರ್ಟಿಸ್ಟಿಕ್ ಸ್ಕೇಟಿಂಗ್. ಅದು ಡೂಪ್ಲಿಕೇಟ್ ಅನ್ನೋರಿಗೆ ಒಂದು ಮಾತು: 2010ರ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಅನೂಪ್ ಕುಮಾರ್ ಯಮ ಇದೇ ಆಟದಲ್ಲಿ ಎರಡು ಕಂಚು ತಂದ್ರು. ಒಂದು ಸಿಂಗಲ್ಸ್‌ನಲ್ಲಿ, ಇನ್ನೊಂದು ಅವನಿ ಪಾಂಚಾಲ್ ಜೊತೆ. ಎಡ್ಜ್, ತ್ರೀ ಟರ್ನ್, ಸ್ಪಿನ್, ಆಕ್ಸೆಲ್ ಎಲ್ಲ ಇಲ್ಲೂ ಇವೆ. ಐಸ್ ಬ್ಲೇಡಿನ ಮುಂದಿನ ಹಲ್ಲಿನ ಕೆಲಸವನ್ನ ಟೋ ಸ್ಟಾಪರ್ ಮಾಡತ್ತೆ.

ನನ್ನ ತಕರಾರು ಇರೋದು ಕಲಿಸೋ ರೀತಿ ಬಗ್ಗೆ. ನಮ್ಮ ಕಡೆ ಸಂಜೆ ಬ್ಯಾಚ್ ಅಂದ್ರೆ ಸ್ಕೂಲ್ ಮಕ್ಕಳು, ಸ್ಪೀಡು, ಮೆಡಲ್ಲು. ಕೋಚ್‌ಗಳನ್ನ ಬೈಯಲ್ಲ, ಫೀಸ್ ಕಟ್ಟೋ ಅಪ್ಪ ಅಮ್ಮಂದಿರು ಕೇಳೋದೇ ಅದನ್ನ. ಆದ್ರೆ ಆಫೀಸು, ಅಡುಗೆ, ಮಕ್ಕಳ ಹೋಮ್‌ವರ್ಕ್ ಮಧ್ಯ ಒಂದು ಗಂಟೆ ಕದ್ದು ಬಂದ ಹೆಂಗಸು ಏಳು ವರ್ಷದವರ ಸಾಲಲ್ಲಿ ನಿಂತು, "ಆಂಟಿ ಸೈಡ್" ಅನ್ನಿಸ್ಕೊಂಡು ಹತ್ತು ರೌಂಡ್ ಹೊಡೀಬೇಕು ಅಂದ್ರೆ ಎರಡನೇ ವಾರ ಬರ್ತಾರಾ? ಬರಲ್ಲ. ಆಮೇಲೆ "ದೊಡ್ಡವರು ನಿಲ್ಲಲ್ಲ ಸಾರ್" ಅಂತ ಮಾತು.

ಕಲಿಕೆಯ ಕ್ರಮವೇ ಬೇರೆ ಇರ್ಬೇಕು. ಮಗು ಬಿದ್ರೆ ಎದ್ದು ಓಡತ್ತೆ, ಎತ್ತರ ಕಮ್ಮಿ, ತೂಕ ಕಮ್ಮಿ. ನಾವು ಬಿದ್ರೆ ಮೊದಲು ಊರೋದು ಕೈ, ಏಟು ಮಣಿಕಟ್ಟಿಗೆ. ಅದಕ್ಕೇ ಮೊದಲ ದಿನಗಳು ಬೀಳೋದು, ಏಳೋದು, ನಿಲ್ಲಿಸೋದು, ಒಂಟಿ ಕಾಲಲ್ಲಿ ಜಾರೋದು, ಇಷ್ಟಕ್ಕೇ ಮೀಸಲಾಗ್ಲಿ. ರಿಸ್ಟ್ ಗಾರ್ಡ್ ಇಲ್ದೆ ಇಳೀಲೇಬೇಡಿ. ಮಳೆ ಬಂದು ನುಣುಪು ಸಿಮೆಂಟು ಒದ್ದೆಯಾಗಿದ್ರೆ ಮನೇಲೇ ಇರಿ, ಫೀಸ್ ಹೋದ್ರೂ ಪರವಾಗಿಲ್ಲ.

ಮಕ್ಕಳಿಗಿಲ್ಲದ ಒಂದು ಅನುಕೂಲ ನಮಗಿದೆ: ಒಂದೇ ಕೆಲಸವನ್ನ ನಿಧಾನಕ್ಕೆ, ಯಾಕೆ ಅಂತ ಅರ್ಥ ಮಾಡ್ಕೊಂಡು ಮಾಡೋ ತಾಳ್ಮೆ. ಅದಕ್ಕೆ ಸರಿಹೊಂದೋದು ಹಳೇ ಫಿಗರ್ಸ್. ಈ ಆಟಕ್ಕೆ ಹೆಸರು ಬಂದಿದ್ದೇ ಅದ್ರಿಂದ, ಐಸ್ ಮೇಲೆ ಒಂದು ಕಾಲಲ್ಲಿ ವೃತ್ತ ಬರೆಯೋದು. 1990ರ ನಂತರ ಐಸ್‌ನ ವಿಶ್ವ ಮಟ್ಟದ ಸ್ಪರ್ಧೆಗಳಿಂದ ಅದನ್ನ ತೆಗೆದ್ರು, ಟೀವಿಗೆ ಬೋರು ಅಂತ ಗೊಣಗಾಟ ಇತ್ತು. ನಮಗೇನು ಟೀವಿ? ಒಂದು ಚಾಕ್‌ಪೀಸ್ ತಗೊಂಡು ಒಂದಕ್ಕೊಂದು ತಾಗೋ ಹಾಗೆ ಎರಡು ವೃತ್ತ ಬರೀರಿ, ಅಡ್ಡಳತೆ ನಿಮ್ಮ ಎತ್ತರದ ಮೂರರಷ್ಟು. ರಂಗೋಲಿ ಕೈ ಇದ್ದೋರಿಗೆ ಇದು ಎರಡು ನಿಮಿಷ. ಒಂದು ವೃತ್ತ ಬಲಗಾಲಲ್ಲಿ, ಇನ್ನೊಂದು ಎಡಗಾಲಲ್ಲಿ, ಹೊರ ಎಡ್ಜ್ ಮೇಲೆ, ಎಂಟರ ಆಕಾರ. ಗೆರೆ ಬಿಟ್ಟಿದ್ದು ನಿಮಗೇ ಕಾಣತ್ತೆ, ಯಾರೂ ಬಂದು ಹೇಳ್ಬೇಕಾಗಿಲ್ಲ. ವಾಲಕ್ಕೇ ಆಗ್ತಿಲ್ಲ ಅನ್ನಿಸಿದ್ರೆ ಸ್ಕೇಟಿನ ಅಡಿ ಟ್ರಕ್ ನಟ್ ನೋಡಿ, ತುಂಬಾ ಬಿಗಿ ಇದ್ರೆ ಎಡ್ಜ್ ಸಿಗಲ್ಲ. ಸ್ವಲ್ಪವೇ ಸಡಿಲ ಮಾಡ್ಸಿ, ಕೋಚ್ ಎದುರಿಗೆ.

ಈಗ ಕೆಲಸ. ಒಬ್ಬರೇ ಹೋಗಿ ಕೇಳಿದ್ರೆ "ಮಕ್ಕಳ ಜೊತೆ ಬನ್ನಿ ಮೇಡಂ" ಅಂತಾರೆ. ಐದು ಜನ ಸೇರಿ, ಬೆಳಿಗ್ಗೆ ಆರಕ್ಕೋ ರಾತ್ರಿ ಎಂಟಕ್ಕೋ ಖಾಲಿ ಇರೋ ಹೊತ್ತನ್ನ ಕೇಳಿ, ಫೀಸ್ ಹಂಚ್ಕೊಳ್ಳಿ. ಕೋಚ್‌ಗೆ ಎರಡು ಪ್ರಶ್ನೆ ಹಾಕಿ: ಮೊದಲ ದಿನ ಬೀಳೋದು ಕಲಿಸ್ತೀರಾ? ಎಡ್ಜ್ ಯಾವಾಗ ಶುರು? "ಮೊದ್ಲು ಸ್ಪೀಡ್ ಬರ್ಲಿ" ಅಂದ್ರೆ ಬೇರೆ ಕಡೆ ವಿಚಾರಿಸಿ.

ಕಾಮೆಂಟಲ್ಲಿ ನಿಮ್ಮ ಏರಿಯಾ, ನಿಮಗಾಗೋ ಹೊತ್ತು ಎರಡನ್ನೂ ಹಾಕಿ. ಅತ್ತಿಗುಪ್ಪೆಯವರಿಗೆ ವಿಜಯನಗರದವರು ಸಿಗ್ಲಿ.

#ದೊಡ್ಡವರಸ್ಕೇಟಿಂಗ್ #ಪಶ್ಚಿಮಬೆಂಗಳೂರು #ನಾಲ್ಕುಚಕ್ರ