ಪಟ್ಟಿ ಹೋಯಿತು, ಪರೀಕ್ಷೆ ಬರಲಿ

ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ತಾನೇ ಕಟ್ಟಿದ ಸಂಶೋಧನ ಪತ್ರಿಕೆಗಳ ‘ಕೇರ್’ ಪಟ್ಟಿಯನ್ನು 2025ರ ಫೆಬ್ರವರಿಯಲ್ಲಿ ತಾನೇ ಕೈಬಿಟ್ಟು, ಯೋಗ್ಯಾಯೋಗ್ಯತೆಯ ನಿರ್ಣಯವನ್ನು ವಿದ್ಯಾಸಂಸ್ಥೆಗಳಿಗೆ ಒಪ್ಪಿಸಿದಂದಿನಿಂದ ಅಧ್ಯಾಪಕವರ್ಗದಲ್ಲಿ ಎದ್ದಿರುವ ಪ್ರಲಾಪವನ್ನು ಕೇಳಿದವರು, ವಿದ್ವತ್ತಿಗೆ ಏನೋ ಮಹಾಹಾನಿ ಸಂಭವಿಸಿತೆಂದೇ ಭಾವಿಸಿಯಾರು. ನಮ್ಮ ಅಭಿಪ್ರಾಯ ಇದಕ್ಕೆ ತದ್ವಿರುದ್ಧವಾದುದು. ಇದೇ ಆಯೋಗವು 2018ರ ಮೇ ತಿಂಗಳಲ್ಲಿ ತನ್ನ ಹಿಂದಿನ ಪಟ್ಟಿಯಿಂದ 4,305 ಪತ್ರಿಕೆಗಳನ್ನು ತೆಗೆದುಹಾಕಬೇಕಾಯಿತೆಂದ ಮೇಲೆ, ಪಟ್ಟಿಯು ಪರೀಕ್ಷೆಯ ಸ್ಥಾನವನ್ನು ತುಂಬಲಾರದೆಂಬುದಕ್ಕೆ ಬೇರೆ ಪ್ರಮಾಣವೇಕೆ? ಶುಲ್ಕ ಸಂದ ವಾರದೊಳಗೆ, ಯಾರೂ ಓದದ ಲೇಖನದ ಮೇಲೆ ‘ತಜ್ಞಪರಿಶೀಲಿತ’ವೆಂಬ ಮುದ್ರೆಯನ್ನೊತ್ತಿ ಕೊಡುವ ಪತ್ರಿಕೆಗಳು ಬಡ್ತಿಯ ಅಂಕಗಳನ್ನು ಮಾರುತ್ತಿವೆಯೇ ಹೊರತು ಜ್ಞಾನವನ್ನು ಬೆಳೆಸುತ್ತಿಲ್ಲ.

ನಮ್ಮ ಸೀಮೆಯ ಶಾಸನಗಳನ್ನೇ ನೋಡಬಹುದು. ಹೊನ್ನಾಳಿ, ಚನ್ನಗಿರಿಗಳ ಶಾಸನಗಳನ್ನು ಬಿ. ಎಲ್. ರೈಸ್ ಅವರು 1902ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕ’ದ ಏಳನೆಯ ಸಂಪುಟದಲ್ಲಿ, ಅಂದಿನ ಶಿವಮೊಗ್ಗ ಜಿಲ್ಲೆಯವೆಂದು ಪ್ರಕಟಿಸಿದರು, ಜಗಳೂರಿನವು ಚಿತ್ರದುರ್ಗ ಜಿಲ್ಲೆಯ ಹನ್ನೊಂದನೆಯ ಸಂಪುಟವನ್ನು ಸೇರಿದವು. ದಾವಣಗೆರೆ ಜಿಲ್ಲೆ ರೂಪುಗೊಂಡುದು 1997ರಲ್ಲಿ. ನ್ಯಾಮತಿಯು ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾದುದು ತೀರ ಈಚೆಗೆ. ಆದುದರಿಂದ ನ್ಯಾಮತಿಯ ಕಡೆಯ ಕಲ್ಲೊಂದನ್ನು ಯಾರಾದರೂ ‘ಅಪ್ರಕಟಿತ ಶಾಸನ’ವೆಂದು ಕಳುಹಿದಾಗ, ಹೊನ್ನಾಳಿಯ ಸಂಖ್ಯೆಗಳಲ್ಲಿ ಅದನ್ನು ಅರಸಬೇಕೆಂಬ ಅರಿವೂ, ಪಡಿಯಚ್ಚನ್ನು ತಾನೇ ಓದಿ ಪಾಠವನ್ನು ತಾಳೆನೋಡುವ ಸಾಮರ್ಥ್ಯವೂ ಇಲ್ಲದ ಪರಿಶೀಲಕನು, ಶತಮಾನದ ಹಿಂದೆಯೇ ಅಚ್ಚಾದುದನ್ನು ಹೊಸ ಶೋಧವೆಂದು ಅನುಮೋದಿಸುವನು, ಜಗಳೂರಿನ ಶಾಲಾಶಿಕ್ಷಕರೊಬ್ಬರು ಬಿಸಿಲಿನಲ್ಲಿ ಅಲೆದು ಕಂಡ ನಿಜವಾದ ಹೊಸ ವೀರಗಲ್ಲನ್ನು, ಅವರ ಹೆಸರಿನ ಮುಂದೆ ಪದವಿಯಿಲ್ಲವೆಂಬ ಕಾರಣದಿಂದ, ‘ಪ್ರಕಟಣೆಗೆ ಯೋಗ್ಯವಲ್ಲ’ ಎಂಬ ಒಂದೇ ವಾಕ್ಯದಲ್ಲಿ ಹಿಂದಿರುಗಿಸುವನು. ಈ ಎರಡನೆಯ ಅನ್ಯಾಯವೇ ನಮ್ಮನ್ನು ಹೆಚ್ಚು ನೋಯಿಸುತ್ತದೆ.

1916ರಲ್ಲಿ ಹುಟ್ಟಿದ ಪರಿಷತ್ಪತ್ರಿಕೆಗಾಗಲಿ, 1919ರಲ್ಲಿ ಎ. ಆರ್. ಕೃಷ್ಣಶಾಸ್ತ್ರಿಗಳು ಆರಂಭಿಸಿದ ‘ಪ್ರಬುದ್ಧ ಕರ್ಣಾಟಕ’ಕ್ಕಾಗಲಿ ಯಾವ ಆಯೋಗದ ಮುದ್ರೆಯೂ ಇರಲಿಲ್ಲ. ‘ನೇಚರ್’ ಪತ್ರಿಕೆಯೂ ಹೊರಗಿನ ತಜ್ಞರ ಪರಿಶೀಲನೆಯನ್ನು ಕಡ್ಡಾಯಗೊಳಿಸಿದುದು 1973ರಲ್ಲಿ. ಗೌರವವು ಮುದ್ರೆಯಿಂದ ಬಂದುದಲ್ಲ, ಬಲ್ಲವರು ಓದಿದುದರಿಂದ ಬಂದುದು.

ದಾವಣಗೆರೆ ವಿಶ್ವವಿದ್ಯಾನಿಲಯವು ಈಗ ಮತ್ತೊಂದು ಪಟ್ಟಿಯನ್ನು ಕಟ್ಟಹೊರಡದೆ, ವಿಷಯವನ್ನು ಬಲ್ಲ ಪರಿಶೀಲಕರನ್ನು, ಅವರು ಕಾಲೇಜಿನ ಹೊರಗಿನವರಾದರೂ ಸರಿಯೆ, ನೇಮಿಸಲಿ. ಅವರು ಕಾರಣಸಹಿತವಾದ ಅಭಿಪ್ರಾಯವನ್ನು ಬರೆದು ಲೇಖಕರಿಗೆ ತಲಪಿಸಲಿ. ಸಂಶೋಧನ ಯೋಜನೆಗಳಿಗೆ ಹಣ ಮಂಜೂರು ಮಾಡುವಲ್ಲಿಯೂ ಇದೇ ನಿಯಮ ನಡೆಯಲಿ.

ಈ ಸಂಚಿಕೆ ಸೂಳೆಕೆರೆಯ ಸುತ್ತಣ ಶಾಸನಗಳಿಗೆ ಮೀಸಲು. ಮುಂದಿನ ಸಂಚಿಕೆಗೆ ಲೇಖನ ಕಳುಹುವವರು ಪಡಿಯಚ್ಚನ್ನೂ ತಪ್ಪದೆ ಜೊತೆಗಿರಿಸಬೇಕೆಂದು ಕೋರುತ್ತೇವೆ. ತಿರಸ್ಕರಿಸಿದ ಪ್ರತಿಯೊಂದು ಲೇಖನಕ್ಕೂ ಕಾರಣವನ್ನು ಬರೆದು ತಿಳಿಸುತ್ತೇವೆ.